ಕುರಿ ದೊಡ್ಡಿಗೆ ಸೋಲಾರ್ ಬೇಲಿ: ಮಷಿನ್‌ಗಿಂತ ಮೊದಲು ನೆಲ ನೋಡಿ

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ. ಕನಕಗಿರಿ ಹತ್ತಿರ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಹಾಕಿದ್ದ ಹೊಸ ಸೋಲಾರ್ ಬೇಲಿಗೆ ಒಂದು ಆಡು ಮೈ ಒರಗಿಸಿಕೊಂಡು, ಆಚೆ ಕಡೆಯ ಬೇವಿನ ಟೊಂಗೆಗೆ ಬಾಯಿ ಹಾಕುತ್ತಿತ್ತು. ತಂತಿಗೆ ಶಾಕ್ ಕೊಡುವ ಝಟ್ಕಾ ಮಷಿನ್ ಟಕ್ ಟಕ್ ಅನ್ನುತ್ತಲೇ ಇತ್ತು. ಹಸಿರು ಲೈಟ್ ಮಿನುಗುತ್ತಲೇ ಇತ್ತು. ಆಡು ಮಾತ್ರ ಕದಲಲಿಲ್ಲ. ಬೇಲಿಯ ವೋಲ್ಟೇಜ್ ಅಳೆಯುವ ಟೆಸ್ಟರ್ ಹಿಡಿದರೆ 1,400 ವೋಲ್ಟ್. ಬೇಲಿ ಹಾಕಿದ್ದು ಮಳೆಗಾಲದಲ್ಲಿ. ಆಗ ಅದೇ ಜಾಗದಲ್ಲಿ 7,000 ಇತ್ತು.

ಮಷಿನ್ ಕೆಟ್ಟಿದೆ ಅಂದುಕೊಂಡು ಫೋನ್ ತೆಗೆದೆ. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಕುರಿ ಬಿಟ್ಟಿದ್ದ ಹಿರಿಯರೊಬ್ಬರು ಬಂದರು. "ಟಿಸಿ ಅರ್ಥಿಂಗಿಗೆ ಬ್ಯಾಸಗ್ಯಾಗ ನೀರು ಹಾಕ್ತೀವಿ. ಇದಕ್ಕ ಹಾಕಿಯೇನೋ ತಮ್ಮಾ?" ಅಂದರು. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಹಾಕಿರಲಿಲ್ಲ. ಅರ್ಥಿಂಗ್ ರಾಡ್‌ಗಳ ಬುಡಕ್ಕೆ ನಾಲ್ಕು ಕೊಡ ನೀರು ಸುರಿದೆ. ಕಾದ ನೆಲ ಗುಳುಗುಳು ಅಂತ ಕುಡಿಯಿತು. ಅರ್ಧ ತಾಸು ಬಿಟ್ಟು ಟೆಸ್ಟರ್ ಹಿಡಿದೆ. 4,800. ಆ ಆಡು ಮತ್ತೆ ತಂತಿಯ ಹತ್ತಿರ ಬಂತು, ಮೂಗು ತಾಗಿಸಿತು, ಹೌಹಾರಿ ಹಿಂದಕ್ಕೆ ಜಿಗಿಯಿತು.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಸೋಲಾರ್ ಬೇಲಿ ಹಾಕುವವರು ಮಷಿನ್ ಬಗ್ಗೆ ತುಂಬ ವಿಚಾರಿಸುತ್ತಾರೆ, ನೆಲದ ಬಗ್ಗೆ ವಿಚಾರಿಸುವುದಿಲ್ಲ. ನಮ್ಮಲ್ಲಿ ಬೇಲಿ ಸೋಲುವುದು ಹೆಚ್ಚಾಗಿ ನೆಲದಲ್ಲೇ. ಹಾಗಾಗಿ ಈ ಬರಹದಲ್ಲೂ ಅರ್ಥಿಂಗ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶಾಕ್ ಹೊಡೆಯುವುದು ಹೇಗೆ

ಬ್ಯಾಟರಿಯ 12 ವೋಲ್ಟ್ ಕರೆಂಟನ್ನು ಝಟ್ಕಾ ಮಷಿನ್ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಸುಮಾರು ಒಂದು ಸೆಕೆಂಡಿಗೆ ಒಂದು ಸಲ ಅದನ್ನು ಸಾವಿರಾರು ವೋಲ್ಟ್‌ನ ಒಂದು ಏಟಾಗಿ ತಂತಿಗೆ ಬಿಡುತ್ತದೆ. ಆ ಏಟು ಇರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ, ಅದಕ್ಕಿಂತಲೂ ಕಡಿಮೆ. ಎರಡು ಏಟಿನ ನಡುವೆ ತಂತಿಯಲ್ಲಿ ಏನೂ ಇರುವುದಿಲ್ಲ. ಮುಟ್ಟಿದವರಿಗೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಜೋರಾಗಿ ನೋಯುತ್ತದೆ, ಜೀವ ಹೋಗುವುದಿಲ್ಲ.

ಆದರೆ ಕರೆಂಟ್ ಹೊರಟ ಕಡೆಗೇ ವಾಪಸ್ ಬರಬೇಕು. ಮಷಿನ್‌ನಿಂದ ತಂತಿಗೆ, ತಂತಿಯಿಂದ ಕುರಿಯ ಮೂಗಿಗೆ, ಕಾಲಿನ ಗೊರಸಿನಿಂದ ನೆಲಕ್ಕೆ, ನೆಲದೊಳಗಿಂದ ಅರ್ಥಿಂಗ್ ರಾಡ್‌ಗೆ, ರಾಡ್‌ನಿಂದ ಮತ್ತೆ ಮಷಿನ್‌ಗೆ. ಈ ದಾರಿ ಎಲ್ಲಿ ತುಂಡಾದರೂ ಶಾಕ್ ಇಲ್ಲ. ಒಣ ನೆಲ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಗಂಗಾವತಿ, ಸಿಂಧನೂರಿನ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ನೆಲ ಸದಾ ಹಸಿ. ಅಲ್ಲಿ ಎರಡು ರಾಡ್ ಹೊಡೆದರೂ ನಡೆದೀತು. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಮಳೆಯಾಶ್ರಿತ ಹೊಲದಲ್ಲಿ ನಡೆಯುವುದಿಲ್ಲ.

ಲೈನ್ ಕರೆಂಟ್ ಬೇಲಿಗೆ ಬೇಡವೇ ಬೇಡ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಕಂಪನಿ ಜೆಸ್ಕಾಂನ ಲೈನಿನಿಂದ, ಪಂಪ್‌ಸೆಟ್ ಬೋರ್ಡಿನಿಂದ ನೇರ ತಂತಿ ಎಳೆದು ಬೇಲಿಗೆ ಕೊಡುವುದು ಕೊಲೆಗೆ ಸಮ. ಆ ಕರೆಂಟ್ ಬಿಟ್ಟು ಬಿಟ್ಟು ಬರುವುದಿಲ್ಲ, ಹಿಡಿದವರನ್ನು ಬಿಡುವುದಿಲ್ಲ. ಹಂದಿಗೆ ಅಂತ ಇಟ್ಟ ತಂತಿಗೆ ನಸುಕಿನಲ್ಲಿ ನೀರು ಹಾಯಿಸಲು ಹೋದ ರೈತರೇ ಬಲಿಯಾಗಿದ್ದಾರೆ. ಕರೆಂಟ್ ಕದಿಯುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲಿದೆ. ಜನ ಸತ್ತರೆ ಅದರ ಕೇಸು ಬೇರೆ. ತೋಳ, ಕರಡಿ, ಚಿರತೆ ಸತ್ತರೆ ಅರಣ್ಯ ಇಲಾಖೆಯ ಕೇಸೂ ಬೀಳುತ್ತದೆ.

ಲೈನಿನಲ್ಲಿ ಚಾರ್ಜ್ ಆಗುವ ಮಷಿನ್‌ಗಳೂ ಇವೆ, ಅವು ತಪ್ಪಲ್ಲ. ಆದರೆ ಹೊಲದಲ್ಲಿ ಕರೆಂಟ್ ಬರುವ ಹೊತ್ತು ನಮಗೆಲ್ಲ ಗೊತ್ತೇ ಇದೆ. ರಾತ್ರಿಯೆಲ್ಲ ನಡೆಯಬೇಕಾದ ಬೇಲಿಗೆ ಸೋಲಾರೇ ಸರಿ.

ಯಾರನ್ನು ಒಳಗಿಡಬೇಕು, ಯಾರನ್ನು ಹೊರಗಿಡಬೇಕು?

ಅಂಗಡಿಗೆ ಹೋಗುವ ಮುಂಚೆ ಇದನ್ನು ಮನೆಯಲ್ಲೇ ತೀರ್ಮಾನ ಮಾಡಿ. ತಂತಿ ಎಷ್ಟು ಎಳೆ, ಎಷ್ಟು ಎತ್ತರ ಅನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಎಮ್ಮೆ, ದನಕ್ಕೆ ಎರಡು ಎಳೆ ಸಾಕು. ಒಂದು ಎರಡು ಅಡಿಗೆ, ಇನ್ನೊಂದು ಮೂರು ಅಡಿಗೆ. ಅವುಗಳ ಚರ್ಮಕ್ಕೆ, ಮೂಗಿಗೆ ಶಾಕ್ ಬೇಗ ತಾಗುತ್ತದೆ. ಒಂದು ಸಲ ತಿಂದರೆ ನೆನಪಿಟ್ಟುಕೊಳ್ಳುತ್ತವೆ.

ಕುರಿ ಹಾಗಲ್ಲ, ತಳಿ ನೋಡಬೇಕು. ನಮ್ಮ ಕೆಂಗುರಿಗೆ ಮೈಮೇಲೆ ಉಣ್ಣೆಗಿಂತ ಕೂದಲೇ ಜಾಸ್ತಿ, ಅದಕ್ಕೆ ಶಾಕ್ ಚೆನ್ನಾಗಿ ಹತ್ತುತ್ತದೆ. ಬಳ್ಳಾರಿ ಕುರಿ, ಡೆಕ್ಕನಿ ಕುರಿಗೆ ಒರಟು ಉಣ್ಣೆ. ಒಣ ಉಣ್ಣೆ ಕರೆಂಟನ್ನು ತಡೆಯುತ್ತದೆ. ಅವು ತಂತಿಗೆ ಮೈ ಉಜ್ಜಿದರೂ ಏನೂ ಆಗುವುದಿಲ್ಲ, ಮೂಗು, ಕಿವಿ, ಕಾಲು ತಾಗಿದರಷ್ಟೇ ಬಿಸಿ. ಅದಕ್ಕೇ ಕುರಿಗೆ ತಂತಿಗಳು ತಲೆಯ ಮಟ್ಟದಲ್ಲಿ ಒತ್ತೊತ್ತಾಗಿ ಇರಬೇಕು. ವೋಲ್ಟೇಜ್ ಕೂಡ 4,000ಕ್ಕಿಂತ ಕೆಳಗೆ ಇಳಿಯಬಾರದು. ಆಡು ಎಲ್ಲಕ್ಕಿಂತ ಚುರುಕು. ಸಂದು ಎಲ್ಲಿದೆ ಅಂತ ದಿನಾ ಹುಡುಕುತ್ತದೆ.

ಇನ್ನು ಹೊರಗಿನವರು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆ ಅಂತಲೇ ವನ್ಯಧಾಮ ಆಗಿದೆ. ಅಂದರೆ ನಮ್ಮ ಕುರುಚಲು ಗುಡ್ಡಗಳಲ್ಲಿ ತೋಳ ಇದೆ, ಇರಬೇಕು ಕೂಡ. ತೋಳ ಬೇಲಿ ಹಾರುವುದಕ್ಕಿಂತ ಕೆಳಗೆ ನುಸುಳಲು, ಕೆರೆಯಲು ನೋಡುತ್ತದೆ. ಬೀದಿ ನಾಯಿಯೂ ಅಷ್ಟೇ. ನಿಜ ಹೇಳಬೇಕೆಂದರೆ ಎಷ್ಟೋ ಊರಲ್ಲಿ ಕುರಿಮರಿಗೆ ತೋಳಕ್ಕಿಂತ ನಾಯಿ ಹಿಂಡಿನ ಕಾಟವೇ ಜಾಸ್ತಿ. ಇವಕ್ಕೆ ಕೆಳಗಿನ ಎಳೆ ನೆಲದಿಂದ 6 ಇಂಚಿಗೆ ಇರಲೇಬೇಕು. ಜೊತೆಗೆ ಬೇಲಿಯ ಹೊರಗೆ ಒಂದು ಅಡಿ ದೂರದಲ್ಲಿ, ನೆಲದಿಂದ 8 ಇಂಚು ಎತ್ತರದಲ್ಲಿ ಇನ್ನೊಂದು ಒಂಟಿ ಎಳೆ ಹಾಕಿದರೆ, ಕೆರೆಯಲು ಬಂದ ಪ್ರಾಣಿಗೆ ಮೂಗಿಗೇ ಏಟು ಬೀಳುತ್ತದೆ.

ಚಿರತೆ ಓಡಾಡುವ ಕಡೆ ಈ ಬೇಲಿಯೊಂದನ್ನೇ ನಂಬಬೇಡಿ. ಆನೆಗೊಂದಿ ಸುತ್ತಿನ ಬಂಡೆ ಗುಡ್ಡದಂಥ ಜಾಗದಲ್ಲಿ ಅದು ಬಂಡೆ ಮೇಲಿಂದ, ಮರದ ಮೇಲಿಂದ ಬೇಲಿ ದಾಟಿ ಬೀಳಬಲ್ಲದು. ಅಲ್ಲಿ ರಾತ್ರಿಗೆ ಮೇಲೆ ಮುಚ್ಚಿಗೆ ಇರುವ ದೊಡ್ಡಿಯೇ ಬೇಕು.

ಲೆಕ್ಕ ಹಾಕೋಣ

ಎರಡು ಎಕರೆ ಚೌಕದ ಹೊಲಕ್ಕೆ ಸುತ್ತಳತೆ ಸುಮಾರು 1,180 ಅಡಿ, ಅಂದರೆ 360 ಮೀಟರ್. ಕುರಿ, ಆಡಿಗೆ ಐದು ಎಳೆ. ಒಟ್ಟು 1,800 ಮೀಟರ್ ತಂತಿ. ಎರಡೂವರೆ ಮಿಲಿಮೀಟರ್ ದಪ್ಪದ ಜಿಐ (ಸತುವಿನ ಲೇಪ ಇರುವ ಕಬ್ಬಿಣದ) ತಂತಿ ಒಂದು ಕಿಲೋಗೆ ಸುಮಾರು 26 ಮೀಟರ್ ಬರುತ್ತದೆ. ಹಾಗಾಗಿ 70 ಕಿಲೋ, ಗಂಟು, ಸುತ್ತು ಸೇರಿ 75 ಕಿಲೋ ತನ್ನಿ. ಹದಿನೈದು ಅಡಿಗೊಂದು ಕಂಬ ಅಂದರೆ 80 ಕಂಬ, ಕಂಬಕ್ಕೆ ಕರೆಂಟ್ ತಾಗದಂತೆ ತಂತಿ ಹಿಡಿಯುವ ಇನ್ಸುಲೇಟರ್ ಕಂಬಕ್ಕೆ ಐದರಂತೆ 400. ಹೊಲ ಉದ್ದುದ್ದ ಇದ್ದರೆ ಸುತ್ತಳತೆ ಜಾಸ್ತಿ ಆಗುತ್ತದೆ, ಟೇಪ್ ಹಿಡಿದು ನಡೆದು ಅಳೆಯಿರಿ.

ಮಷಿನ್ ಕೊಳ್ಳುವಾಗ ಡಬ್ಬದ ಮೇಲೆ "30 ಕಿಲೋಮೀಟರ್", "50 ಕಿಲೋಮೀಟರ್" ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಹುಲ್ಲು ತಾಗದ, ಚೊಕ್ಕ ಒಂದೇ ಎಳೆಯ ಲೆಕ್ಕ. ನೀವು ಕೇಳಬೇಕಾದ್ದು ಜೂಲ್, ಅಂದರೆ ಒಂದು ಏಟಿನಲ್ಲಿ ಎಷ್ಟು ಶಕ್ತಿ ಇದೆ ಅನ್ನುವ ಅಳತೆ. ಅದರಲ್ಲೂ ಕೂಡಿಟ್ಟುಕೊಳ್ಳುವ ಜೂಲ್ ಅಲ್ಲ, ಹೊರಗೆ ಬಿಡುವ ಔಟ್‌ಪುಟ್ ಜೂಲ್. ಎರಡು ಎಕರೆಯ ಐದೆಳೆ ಬೇಲಿಗೆ ಹೊರಗೆ 1ರಿಂದ 2 ಜೂಲ್ ಬಿಡುವ ಮಷಿನ್ ಸಾಕು. ಬೇಲಿ ಮಷಿನ್‌ಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ, ಅಂದರೆ ಐಇಸಿ 60335-2-76, ಮಾಮೂಲಿ ಮಷಿನ್‌ಗೆ 5 ಜೂಲ್‌ ಮಿತಿ ಹಾಕಿದೆ. ಭಾರತದಲ್ಲಿ ಇದಕ್ಕೆ ಐಎಸ್ 302 ಸರಣಿಯ ಮಾನದಂಡ ಇದೆ. ಇವುಗಳಲ್ಲಿ ಒಂದರ ಗುರುತೂ ಇಲ್ಲದ, ಯಾರೋ ಊರಲ್ಲೇ ಜೋಡಿಸಿಕೊಟ್ಟ ಮಷಿನ್ ಅಗ್ಗ ಅಂತ ತರಬೇಡಿ. ಏಟಿನ ಅವಧಿ ತಪ್ಪಿದರೆ ಅದೇ ಮಷಿನ್ ಜೀವ ತೆಗೆಯುತ್ತದೆ.

ಈಗ ಬ್ಯಾಟರಿ, ಪ್ಯಾನೆಲ್. ಮಷಿನ್ ಎಷ್ಟು ಆಂಪಿಯರ್ ಎಳೆಯುತ್ತದೆ ಅನ್ನುವುದು ಅದರ ಮೇಲೇ ಬರೆದಿರುತ್ತದೆ. 0.3 ಆಂಪಿಯರ್ ಅಂತ ಇಟ್ಟುಕೊಳ್ಳಿ. ಇಪ್ಪತ್ನಾಲ್ಕು ತಾಸಿಗೆ 7.2 ಆಂಪಿಯರ್-ಅವರ್. ಶ್ರಾವಣದ ಮೋಡದಲ್ಲಿ ನಾಲ್ಕು ದಿನ ಬಿಸಿಲೇ ಬೀಳಲಿಲ್ಲ ಅಂದರೆ 29 ಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಹಾಗಾಗಿ 60 ಆಂಪಿಯರ್-ಅವರ್ ಬ್ಯಾಟರಿ. ಮಷಿನ್ ದಿನಕ್ಕೆ ತಿನ್ನುವುದು 86 ವ್ಯಾಟ್-ಅವರ್. ನಮ್ಮ ಕಡೆ ದಿನಕ್ಕೆ ಐದು ತಾಸಿನ ಗಟ್ಟಿ ಬಿಸಿಲು ಅಂತ ಹಿಡಿದರೆ 40 ವ್ಯಾಟ್ ಪ್ಯಾನೆಲ್ 200 ಕೊಡಬೇಕು. ಧೂಳು, ಕಾವು, ತಂತಿಯಲ್ಲಿ ಹೋಗುವುದು ಎಲ್ಲ ಕಳೆದು 130 ಸಿಕ್ಕೀತು. ಖರ್ಚಿಗಿಂತ ಮೇಲೆ ಉಳಿಯುವ ಈ 40-45 ವ್ಯಾಟ್-ಅವರ್, ಬಿಸಿಲು ಬಂದ ದಿನಗಳಲ್ಲಿ ಬ್ಯಾಟರಿಯನ್ನು ಮತ್ತೆ ತುಂಬಿಸುತ್ತದೆ. ನಿಮ್ಮ ಮಷಿನ್‌ನ ಆಂಪಿಯರ್ ಹಾಕಿ ಇದೇ ಲೆಕ್ಕ ನೀವೂ ಮಾಡಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, 15 ಡಿಗ್ರಿ ಓರೆ. ಎರಡು ಅಡಿ ಉದ್ದದ ಪ್ಯಾನೆಲ್ ಆದರೆ ಮೇಲಿನ ಅಂಚು ಕೆಳಗಿನದಕ್ಕಿಂತ 6 ಇಂಚು ಎತ್ತರ ಇದ್ದರೆ ಸರಿಹೋಯಿತು. ಬೇವಿನ ಮರದ ಒಂದು ಟೊಂಗೆಯ ನೆರಳು ಬಿದ್ದರೂ ಚಾರ್ಜ್ ಅರ್ಧಕ್ಕಿಳಿಯಬಹುದು. ಗಣಿ ಧೂಳು ಇರುವ ಸಂಡೂರು ಕಡೆಯವರು ವಾರಕ್ಕೊಮ್ಮೆ ಬೆಳಿಗ್ಗೆ, ಪ್ಯಾನೆಲ್ ತಣ್ಣಗಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಯಾಟರಿ ಮಿತಿ ಮೀರಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಇಲ್ಲದೆ ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಕೊಡಬೇಡಿ. ಮಷಿನ್, ಬ್ಯಾಟರಿ ಪೆಟ್ಟಿಗೆಯನ್ನು ಪ್ಯಾನೆಲ್ ನೆರಳಿನಲ್ಲೇ ಕೂರಿಸಿ, ಗಾಳಿ ಆಡಲು ತೂತು ಬಿಟ್ಟು ಅದಕ್ಕೆ ಸಣ್ಣ ಜಾಲರಿ ಹೊಡೆಯಿರಿ. ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಸೇರಿ ಸರ್ಕಿಟ್ ಸುಡುತ್ತವೆ.

ಕಂಬ ಮತ್ತು ತಂತಿ

ನಮ್ಮಲ್ಲಿ ಕಲ್ಲುಕಂಬ ಸುಲಭವಾಗಿ ಸಿಗುತ್ತದೆ, ಅದೇ ಒಳ್ಳೆಯದು. ಗೆದ್ದಲು ತಿನ್ನುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ದುಡ್ಡು ಉಳಿಸಬೇಕಿದ್ದರೆ ನಾಲ್ಕು ಮೂಲೆಗೆ, ಗೇಟಿನ ಎರಡೂ ಕಡೆಗೆ ಕಲ್ಲುಕಂಬ ನಿಲ್ಲಿಸಿ. ನಡುವೆ ಕಬ್ಬಿಣದ ಆಂಗಲ್ ಅಥವಾ ಗಟ್ಟಿ ಕಟ್ಟಿಗೆ ಹಾಕಿ. ಮೂಲೆ ಕಂಬ ಎರಡೂವರೆ ಅಡಿ ಆಳಕ್ಕೆ ಹೋಗಬೇಕು, ತಂತಿ ಎಳೆಯುವ ಕಡೆಗೆ ವಾಲದಂತೆ ಒಳಗಿನಿಂದ ಓರೆಯಾಗಿ ಊರುಗೋಲು ಕೊಡಬೇಕು. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಇನ್ನೂ ಎಚ್ಚರ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಸುವಷ್ಟು ಬಿರಿಯುತ್ತದೆ. ಕಂಬದ ಬುಡಕ್ಕೆ ಬರೀ ಮಣ್ಣು ತುಂಬಿದರೆ ವರ್ಷದೊಳಗೆ ವಾಲುತ್ತದೆ. ಗರಸು, ಕಲ್ಲು ಹಾಕಿ ಬಡಿಯಿರಿ.

ಇನ್ಸುಲೇಟರ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಪೈಪಿನ ತುಂಡು, ಹಳೆ ಟ್ಯೂಬು, ಬಾಟಲಿ ಮುಚ್ಚಳ ಕಟ್ಟಿದ ಬೇಲಿಗಳನ್ನು ನೋಡಿದ್ದೇನೆ. ಮೊದಲ ಮಳೆಗೇ ಪ್ರತಿ ಕಂಬದಲ್ಲೂ ಸೋರುತ್ತವೆ. ಬಿಸಿಲಿಗೆ ಪುಡಿಯಾಗದ, ಯುವಿ ತಡೆಯುವ ಇನ್ಸುಲೇಟರ್ ತನ್ನಿ. ಮೂಲೆಗೆ ಎಳೆತ ತಡೆಯುವ ಬೇರೆ ಬಗೆಯದೇ ಬೇಕು.

ಐದು ಎಳೆಗೆ ನಾನು ಇಟ್ಟ ಅಳತೆ ನೆಲದಿಂದ 6, 12, 18, 28, 40 ಇಂಚು. ನಮ್ಮ ಒಣ ನೆಲಕ್ಕೆ ಒಂದು ಉಪಾಯ ಇದೆ. ಐದಕ್ಕೂ ಕರೆಂಟ್ ಕೊಡಬೇಡಿ. ಒಂದು, ಮೂರು, ಐದನೇ ಎಳೆಗೆ ಕರೆಂಟ್ ಕೊಡಿ, ಎರಡು, ನಾಲ್ಕನೆಯದನ್ನು ಅರ್ಥಿಂಗ್‌ಗೆ ಜೋಡಿಸಿ. ಆಗ ಸಂದಿಯಲ್ಲಿ ತಲೆ ತೂರಿಸಿದ ಆಡು ಕರೆಂಟ್ ತಂತಿಯನ್ನೂ ಅರ್ಥಿಂಗ್ ತಂತಿಯನ್ನೂ ಒಟ್ಟಿಗೆ ಮುಟ್ಟುತ್ತದೆ. ನೆಲ ಎಷ್ಟೇ ಒಣಗಿದ್ದರೂ ಏಟು ಬೀಳುತ್ತದೆ. ಮೇ ತಿಂಗಳ ಆ ಘಟನೆ ಆದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ ಇದೇ. ಅರ್ಥಿಂಗ್ ತಂತಿಗೂ ಇನ್ಸುಲೇಟರ್ ಹಾಕಿ. ಮುಂದೆ ಬೇಕಾದರೆ ಅದಕ್ಕೂ ಕರೆಂಟ್ ಕೊಡಬಹುದು.

ಕೆಳಗಿನ ಎಳೆಗೆ ಬೇರೆ ಸ್ವಿಚ್ ಇಡಿ. ಮಳೆಗಾಲದಲ್ಲಿ ಗರಿಕೆ, ಕಾಂಗ್ರೆಸ್ ಕಸ ಎದ್ದು ಆ ಎಳೆಗೆ ತಾಗುತ್ತವೆ, ಕರೆಂಟೆಲ್ಲ ಅಲ್ಲೇ ನೆಲಕ್ಕಿಳಿಯುತ್ತದೆ. ಕಸ ತೆಗೆಯುವವರೆಗೆ ಅದೊಂದನ್ನೇ ಆಫ್ ಮಾಡಿದರೆ ಉಳಿದ ಬೇಲಿ ಬದುಕಿರುತ್ತದೆ. ಇನ್ನೊಂದು ಕಾರಣವೂ ಇದೆ. ಆಮೆಯಂಥವು ಶಾಕ್ ತಿಂದಾಗ ಓಡುವುದಿಲ್ಲ. ಅಲ್ಲೇ ಮುದುಡುತ್ತವೆ, ತಂತಿ ಹೊಡೆಯುತ್ತಲೇ ಇರುತ್ತದೆ, ಸಾಯುತ್ತವೆ. ಹಗಲು ಕುರಿ ಮೇಯಲು ಹೋದಾಗ ಕೆಳಗಿನ ಎಳೆ ಆಫ್ ಇರಲಿ. ಆ ಜೀವಗಳೂ ನಮ್ಮ ಹೊಲದವೇ.

ಮುಳ್ಳುತಂತಿಗೆ ಎಂದೂ ಕರೆಂಟ್ ಕೊಡಬೇಡಿ. ಸಿಕ್ಕಿಹಾಕಿಕೊಂಡ ಪ್ರಾಣಿಯಾಗಲಿ ಮಗುವಾಗಲಿ ಬಿಡಿಸಿಕೊಳ್ಳಲಾಗದೆ ಏಟು ತಿನ್ನುತ್ತಲೇ ಇರಬೇಕಾಗುತ್ತದೆ. ಈಗಾಗಲೇ ಬಳ್ಳಾರಿ ಜಾಲಿಯ ಮುಳ್ಳುಬೇಲಿ ಇದ್ದರೆ ಕೀಳಬೇಡಿ. ಅದರ ಒಳಗೆ ಮೂರು ಅಡಿ ಬಿಟ್ಟು ಈ ಬೇಲಿ ಹಾಕಿ, ಜಾಲಿಯ ಟೊಂಗೆ ತಂತಿಗೆ ಬರದಂತೆ ಸವರುತ್ತಿರಿ.

ಹಿಂಡು ಹೊಡೆದುಕೊಂಡು ಊರೂರು ತಿರುಗುವ, ಹೊಲದಲ್ಲಿ ಕುರಿ ತರುಬಿಸುವ ಅಣ್ಣಂದಿರಿಗೆ ಕರೆಂಟ್ ಹರಿಯುವ ಬಲೆ ಬೇಲಿ ಅನುಕೂಲ. ಕಂಬ ಸಮೇತ ಸುತ್ತಿ ಹೊರಬಹುದು. ಆದರೆ ಕೊಂಬಿನ ಟಗರು, ಹೋತ ಅದರಲ್ಲಿ ಸಿಕ್ಕಿಕೊಂಡು ಒದ್ದಾಡಿ ಸಾಯಬಹುದು. ಬಲೆ ಹಾಕಿದ ರಾತ್ರಿ ಒಬ್ಬರು ಹತ್ತಿರ ಮಲಗಬೇಕು.

ಅರ್ಥಿಂಗ್: ಇಲ್ಲಿ ಆತುರ ಬೇಡ

ಕಡಿಮೆ ಅಂದರೂ ಮೂರು ರಾಡ್. ಒಂದೊಂದೂ 6 ಅಡಿ ಉದ್ದ, ಜಿಐ, ಒಂದರಿಂದ ಒಂದಕ್ಕೆ 10 ಅಡಿ ದೂರ. ಒಟ್ಟೊಟ್ಟಿಗೆ ಹೊಡೆದರೆ ಮೂರೂ ಸೇರಿ ಒಂದೇ ರಾಡ್‌ನಷ್ಟು ಕೆಲಸ ಮಾಡುತ್ತವೆ. ಮೂರನ್ನೂ ಒಂದೇ ತುಂಡಿನ ಜಿಐ ತಂತಿಯಲ್ಲಿ ಜೋಡಿಸಿ, ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಸುಮ್ನೆ ಸುತ್ತಿ ಬಿಟ್ಟ ಗಂಟು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಜಿಐಗೆ ತಾಮ್ರದ ತಂತಿ ನೇರ ಸುತ್ತಬೇಡಿ, ಎರಡೂ ತಾಗಿದ ಕಡೆ ಬೇಗ ತಿಂದುಹೋಗುತ್ತದೆ.

ಜಾಗ ಆರಿಸುವುದೇ ದೊಡ್ಡ ಕೆಲಸ. ರಾಡ್ ಮಷಿನ್ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಹೊಲದಲ್ಲಿ ಎಲ್ಲಿ ಬೇಸಿಗೆಯಲ್ಲೂ ಹಸಿ ಉಳಿಯುತ್ತದೋ ಅಲ್ಲಿ ಹೊಡೆಯಿರಿ, ಅಲ್ಲಿಂದ ತಂತಿ ಎಳೆದುಕೊಳ್ಳಿ. ಕುರಿ ನೀರಿನ ತೊಟ್ಟಿಯ ಹೆಚ್ಚಾದ ನೀರು ಹರಿದು ನಿಲ್ಲುವ ತಗ್ಗು ಒಳ್ಳೆಯದು. ಆದರೆ ತೊಟ್ಟಿಗೆ ಅಂಟಿಕೊಂಡು ಬೇಡ, 30 ಅಡಿ ದೂರ ಇರಲಿ. ಇಲ್ಲದಿದ್ದರೆ ನೀರು ಕುಡಿಯುವ ಕುರಿಗೂ ಸಣ್ಣಗೆ ಜುಮ್ ಅನ್ನಬಹುದು, ಆಮೇಲೆ ಅವು ತೊಟ್ಟಿಗೇ ಹೋಗುವುದಿಲ್ಲ. ಬೋರ್‌ವೆಲ್ ಕೇಸಿಂಗ್, ಪಂಪ್‌ಸೆಟ್ ಅರ್ಥಿಂಗ್, ಮನೆಯ ಅರ್ಥಿಂಗ್, ಟಿಸಿ ಅರ್ಥಿಂಗ್, ಇವುಗಳಿಗೂ ಬೇಲಿಯ ಅರ್ಥಿಂಗ್‌ಗೂ ಕನಿಷ್ಠ 33 ಅಡಿ ಅಂತರ ಇರಬೇಕು. ಒಂದಕ್ಕೊಂದು ಜೋಡಿಸಲೇಬಾರದು.

ಮಸಾರಿಯಲ್ಲಿ ಎರಡು ಅಡಿಗೇ ಗರಸು, ಬಂಡೆ ಬರುತ್ತದೆ, ರಾಡ್ ಇಳಿಯುವುದಿಲ್ಲ. ನಾನು ಹೀಗೆ ಮಾಡಿದೆ. ಹಾರೆ ಹಿಡಿದು ಒಂದು ಅಡಿ ಅಗಲದ ಗುಂಡಿ ತೋಡಿಸಿದೆ, ಎಷ್ಟು ಆಳ ಆಗುತ್ತದೋ ಅಷ್ಟು. ನಡುವೆ ರಾಡ್ ನಿಲ್ಲಿಸಿ ಸುತ್ತ ಎರೆಮಣ್ಣು ತುಂಬಿದೆ. ಎರೆಯಲ್ಲಿರುವ ಜೇಡಿ, ಅರ್ಥಿಂಗ್ ಗುಂಡಿಗೆ ಹಾಕುವ ಬೆಂಟೊನೈಟ್ ಪುಡಿಯಲ್ಲಿರುವ ಜೇಡಿಯ ಜಾತಿಯದೇ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಂಟೊನೈಟ್ ಸಿಕ್ಕರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ ತೂತು ಕೊರೆದ ಪಿವಿಸಿ ಪೈಪ್ ಒಂದನ್ನು ಹೂತು ಬಾಯಿ ಮೇಲೆ ಬಿಟ್ಟೆ. ಈಗ ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ವಾರಕ್ಕೊಮ್ಮೆ ಪೈಪಿಗೆ ಒಂದು ಕೊಡ ನೀರು. ನೀರು ನೇರ ಬುಡಕ್ಕೆ ಇಳಿಯುತ್ತದೆ, ಬಿಸಿಲಿಗೆ ಆರುವುದಿಲ್ಲ. ರಾಡ್ ಪೂರ್ತಿ ಇಳಿಯದ ಕಡೆ ಮೂರರ ಬದಲು ಐದು ಹಾಕಿ. ಉಪ್ಪು, ಇದ್ದಿಲು ಹಾಕುವ ಪದ್ಧತಿಯೂ ಇದೆ. ಕೆಲಸ ಮಾಡುತ್ತದೆ. ಆದರೆ ಉಪ್ಪು ಜಿಐಯನ್ನು ತಿನ್ನುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಅಗೆದು ನೋಡಬೇಕಾಗುತ್ತದೆ.

ಎರೆಯಲ್ಲಿ ರಾಡ್ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ತೊಂದರೆ ಬೇಸಿಗೆಯಲ್ಲಿ. ಮಣ್ಣು ಬಿರಿದು ರಾಡ್‌ನಿಂದಲೇ ದೂರ ಸರಿಯುತ್ತದೆ, ನಡುವೆ ಗಾಳಿ. ಅಲ್ಲಿಯೂ ಪೈಪ್ ಇಟ್ಟು ನೀರು ಕೊಡಿ.

ಅರ್ಥಿಂಗ್ ಸಾಕೋ ಇಲ್ಲವೋ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಮಷಿನ್ ಆಫ್ ಮಾಡಿ. ಅಲ್ಲಿಂದ 300 ಅಡಿ ದೂರ ಹೋಗಿ, ನಾಲ್ಕೈದು ಕಬ್ಬಿಣದ ಸರಳುಗಳನ್ನು ನೆಲಕ್ಕೆ ಚುಚ್ಚಿ ಕರೆಂಟ್ ತಂತಿಗೆ ಒರಗಿಸಿ. ಅರ್ಥಿಂಗ್ ಎಳೆಗೆ ಅವು ತಾಗಬಾರದು. ಮಷಿನ್ ಆನ್ ಮಾಡಿದಾಗ ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಆಫ್ ಮಾಡಿ ಇನ್ನಷ್ಟು ಸರಳು ಒರಗಿಸಿ. ಆಮೇಲೆ ಟೆಸ್ಟರ್‌ನ ಒಂದು ತುದಿಯನ್ನು ಕೊನೆಯ ಅರ್ಥಿಂಗ್ ರಾಡ್‌ಗೆ ಹಿಡಿದು, ಇನ್ನೊಂದು ತುದಿಯನ್ನು ಮೂರು ಅಡಿ ದೂರದ ನೆಲಕ್ಕೆ ಚುಚ್ಚಿ. 300 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸಾಲದು. ಇನ್ನೊಂದು ರಾಡ್ ಹೊಡೆದು ಮತ್ತೆ ನೋಡಿ. ಈ ಪರೀಕ್ಷೆಯನ್ನು ಮಾರ್ಚ್‌ನಲ್ಲಿ ಮಾಡಿ. ಮಳೆಗಾಲದಲ್ಲಿ ಮಾಡಿದರೆ ಎಲ್ಲ ಬೇಲಿಯೂ ಪಾಸ್ ಆಗುತ್ತದೆ.

ಗೇಟ್, ಸಿಡಿಲು, ಬೋರ್ಡು

ಗೇಟಿನ ಕೆಳಗೆ ಕರೆಂಟ್ ದಾಟಿಸಲು ಮನೆಯ ವೈರಿಂಗ್ ವೈರ್ ಹಾಕಬೇಡಿ. ಅದರ ಹೊದಿಕೆ ಇಷ್ಟು ವೋಲ್ಟೇಜ್ ತಡೆಯಲು ಮಾಡಿದ್ದಲ್ಲ, ಮಣ್ಣೊಳಗೇ ಸೋರುತ್ತದೆ. ಬೇಲಿಗೆಂದೇ ಬರುವ ಎರಡು ಹೊದಿಕೆಯ ಕೇಬಲ್ಲನ್ನು ಪೈಪಿನೊಳಗೆ ತೂರಿಸಿ ಹೂಳಿ. ತಂತಿ ಗೇಟ್ ಆದರೆ, ಹಿಡಿಕೆ ಬಿಚ್ಚಿದಾಗ ಕೈಯಲ್ಲಿರುವ ತಂತಿಗೆ ಕರೆಂಟ್ ಇಲ್ಲದಂತೆ ಜೋಡಿಸಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಷಿನ್‌ಗಳು ಹೋಗುತ್ತವೆ. ಬೇಲಿಗೂ ಮಷಿನ್‌ಗೂ ನಡುವೆ ಸಿಡಿಲು ತಡೆ ಹಾಕಿ, ಅದಕ್ಕೆ ಬೇರೆಯದೇ ಅರ್ಥಿಂಗ್ ರಾಡ್ ಕೊಡಿ. ಮೋಡ ಕಪ್ಪಾಗಿ ಗುಡುಗು ಇನ್ನೂ ದೂರದಲ್ಲಿ ಕೇಳಿಸುವಾಗಲೇ ಮಷಿನ್‌ನ ಎರಡೂ ತಂತಿ ಕಳಚಿಟ್ಟುಬಿಡಿ. ಸಿಡಿಲು ತಲೆ ಮೇಲೆ ಬಂದ ಮೇಲೆ ಬೇಲಿಯ ಹತ್ತಿರ ಹೋಗಬೇಡಿ. ದೊಡ್ಡ ಕರೆಂಟ್ ಲೈನಿನ ಕೆಳಗೆ, ಅದರ ಉದ್ದಕ್ಕೆ ಬೇಲಿ ಬೇಡ. ಒಂದೇ ಬೇಲಿಗೆ ಎರಡು ಮಷಿನ್ ಬೇಡ. ಪಕ್ಕದ ಹೊಲದವರದ್ದೂ ಇಂಥದ್ದೇ ಬೇಲಿ ಇದ್ದರೆ ಎರಡರ ನಡುವೆ 8 ಅಡಿಗಿಂತ ಹೆಚ್ಚು ಜಾಗ ಬಿಡಿ. ಒಂದೇ ಸಲ ಎರಡನ್ನೂ ಯಾರೂ ಮುಟ್ಟುವಂತಿರಬಾರದು.

ಹಳದಿ ಬೋರ್ಡನ್ನು ಮೂಲೆ, ಗೇಟ್, ದಾರಿಯ ಉದ್ದಕ್ಕೂ ತೂಗುಹಾಕಿ. ಓದಲು ಬಾರದವರಿಗೂ ತಿಳಿಯುವಂತೆ ಕೈಗೆ ಶಾಕ್ ಹೊಡೆಯುವ ಚಿತ್ರ ಇರಲಿ. ಅಕ್ಕಪಕ್ಕದ ಮನೆಗಳಿಗೆ ಹೋಗಿ ಬಾಯಿಂದಲೂ ಹೇಳಿ. ಮಕ್ಕಳನ್ನು ಕರೆದು ತೋರಿಸಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಬರಬಾರದು. ತಂತಿಗಳ ನಡುವೆ ತಲೆ ತೂರಿಸಿ ಯಾರೂ ನುಸುಳಬಾರದು.

ಕುರಿಗೆ ಬೇಲಿಯ ಪರಿಚಯ

ಬೇಲಿ ಆನ್ ಮಾಡಿದ ದಿನವೇ ಹಿಂಡನ್ನು ಬಿಟ್ಟರೆ ಗಾಬರಿಯಲ್ಲಿ ನುಗ್ಗಿ ಹರಿದುಹಾಕುತ್ತವೆ. ಮೂಗಿಗೆ ಏಟು ಬಿದ್ದ ಕುರಿ ಹಿಂದಕ್ಕೆ ಜಿಗಿಯುತ್ತದೆ. ಕುತ್ತಿಗೆಗೆ ಬಿದ್ದರೆ ಮುಂದಕ್ಕೆ ನುಗ್ಗುತ್ತದೆ. ಮೊದಲ ಏಟು ಮೂಗಿಗೇ ಬೀಳುವಂತೆ ನಾವು ನೋಡಿಕೊಳ್ಳಬೇಕು.

ಹಳೆಯ ದೊಡ್ಡಿಯ ಗಟ್ಟಿ ಗೋಡೆ ಅಥವಾ ಮುಳ್ಳುಬೇಲಿಯ ಒಳಗಡೆ ಎರಡು ಎಳೆ ಕರೆಂಟ್ ತಂತಿ ಎಳೆಯಿರಿ. ಕಾಣಲಿ ಅಂತ ಬಿಳಿ ಬಟ್ಟೆಯ ತುಂಡು ಕಟ್ಟಿ. ತಂತಿಯ ಆಚೆಗೆ, ಗೋಡೆಯ ಬುಡಕ್ಕೆ ಒಂದಿಷ್ಟು ತೊಗರಿ ಹೊಟ್ಟು ಸುರಿಯಿರಿ. ಒಂದೊಂದಾಗಿ ಬಂದು, ಮೂಗು ಚಾಚಿ, ಪಾಠ ಕಲಿಯುತ್ತವೆ. ಮುಂದಕ್ಕೆ ನುಗ್ಗಿದರೂ ಗೋಡೆ ತಡೆಯುತ್ತದೆ. ಮೂರು ದಿನ ಹೀಗೆ ಬಿಡಿ. ಉಣ್ಣೆ ಕತ್ತರಿಸಿದ ವಾರದಲ್ಲೇ ಇದನ್ನು ಮಾಡಿದರೆ ಬಳ್ಳಾರಿ ಕುರಿಗಳೂ ಬೇಗ ಕಲಿಯುತ್ತವೆ. ತಾಯಿ ಕಲಿತರೆ ಮರಿ ತಾಯಿಯನ್ನು ನೋಡಿ ದೂರ ನಿಲ್ಲುತ್ತದೆ. ನಾಯಿ ಸಾಕಿದ್ದರೆ ಅದಕ್ಕೂ ಒಂದು ದಿನ ಪರಿಚಯ ಆಗಲಿ.

ದಿನದ ಕೆಲಸ

ಟೆಸ್ಟರ್ ಇಲ್ಲದೆ ಈ ಬೇಲಿ ಇಟ್ಟುಕೊಳ್ಳಬೇಡಿ. ಮಷಿನ್‌ನ ಲೈಟ್ ನಂಬುವಂತಿಲ್ಲ, ಅದು ಮಷಿನ್ ಬದುಕಿದೆ ಅಂತಷ್ಟೇ ಹೇಳುತ್ತದೆ. ನೋಡಬೇಕಾದ್ದು ಮಷಿನ್‌ನಿಂದ ಅತಿ ದೂರದ ಮೂಲೆಯಲ್ಲಿ.

ಎಲ್ಲೋ ಸೋರುತ್ತಿದೆ ಅನಿಸಿದರೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಬೇಲಿಯ ಪಕ್ಕ ನಿಧಾನಕ್ಕೆ ನಡೆಯಿರಿ. ಬ್ಯಾಟರಿ ಲೈಟ್ ಹಾಕಬೇಡಿ, ಮಾತಾಡಬೇಡಿ. ಸೋರುವ ಕಡೆ ಚಟ್, ಚಟ್ ಅಂತ ಕೇಳುತ್ತದೆ, ಸಣ್ಣ ನೀಲಿ ಕಿಡಿ ಕಾಣುತ್ತದೆ. ಒಡೆದ ಇನ್ಸುಲೇಟರ್, ಕಂಬಕ್ಕೆ ತಾಗಿದ ತಂತಿಯ ತುದಿ, ಹಸಿ ಗರಿಕೆ, ಹೆಚ್ಚಾಗಿ ಇವೇ. ಬೇಲಿಯನ್ನು ಮೂರು ನಾಲ್ಕು ಭಾಗ ಮಾಡಿ ನಡುವೆ ಸ್ವಿಚ್ ಇಟ್ಟಿದ್ದರೆ, ಒಂದೊಂದೇ ಭಾಗ ಆಫ್ ಮಾಡುತ್ತಾ ಹೋಗಿ ತಪ್ಪು ಇರುವ ಭಾಗವನ್ನು ಹಗಲಲ್ಲೇ ಹಿಡಿಯಬಹುದು.

ಬ್ಯಾಟರಿಯನ್ನು ತಿಂಗಳಿಗೊಮ್ಮೆ ನಸುಕಿನಲ್ಲಿ, ಬಿಸಿಲು ಬೀಳುವ ಮುಂಚೆ ಅಳೆಯಿರಿ. 12.7 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. ದಿನಾ 12ಕ್ಕಿಂತ ಕೆಳಗೆ ಹೋಗುತ್ತಿದ್ದರೆ ಪ್ಯಾನೆಲ್ ಸಾಲುತ್ತಿಲ್ಲ ಅಥವಾ ಬ್ಯಾಟರಿಯ ಆಯಸ್ಸು ಮುಗಿಯುತ್ತಿದೆ. ನೀರು ಹಾಕುವ ಬ್ಯಾಟರಿ ಆದರೆ ಬೇಸಿಗೆಯಲ್ಲಿ ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಎರಡು ವಾರಕ್ಕೊಮ್ಮೆ ನೋಡಿ, ಬೋರಿನ ನೀರು ಹಾಕಬೇಡಿ.

ನಮ್ಮ ಮನೆಯಲ್ಲಿ ಸಂಜೆ ಕುರಿ ಒಳಗೆ ಬಂದ ಮೇಲೆ ಮಗಳು ದೂರದ ಮೂಲೆಗೆ ಹೋಗಿ ಟೆಸ್ಟರ್ ಹಿಡಿಯುತ್ತಾಳೆ. ಬಂದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುತ್ತಾಳೆ. 6,200. 6,000. 5,900. ಒಮ್ಮೆಗೇ ಧಡಕ್ ಅಂತ ಬಿದ್ದರೆ ತಂತಿ ಎಲ್ಲೋ ಹರಿದಿದೆ, ಇಲ್ಲವೇ ಟೊಂಗೆ ಬಿದ್ದಿದೆ. ಮಳೆಗಾಲದಲ್ಲಿ ದಿನಾ ಸ್ವಲ್ಪ ಸ್ವಲ್ಪ ಇಳಿದರೆ ಹುಲ್ಲು ಬೆಳೆದಿದೆ. ಬೇಸಿಗೆಯಲ್ಲಿ ಹಾಗೆ ಇಳಿದರೆ ಅವಳೇ ಕೊಡ ಎತ್ತಿಕೊಂಡು ಅರ್ಥಿಂಗ್ ಪೈಪಿನ ಕಡೆ ಹೋಗುತ್ತಾಳೆ.